“ಇನ್ನ ಯಾಕ ಬದುಕಬೇಕು?” ಎನ್ನುವವರೊಡನೆ ಎರಡು ಮಾತು

ಮಂಚದ ಮೇಲಿರುವ ತಮಗೂ, ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತ ತಮ್ಮ ಮನೆಯವರಿಗೂ ಇವತ್ತು ಬಿ.ಪಿ., ಸಕ್ಕರೆ ಕಾಯಿಲೆಯ ಮಾತು ಬೇಡ. ಬೇರೊಂದು ಹೇಳುವುದಿದೆ.

ಒಮ್ಮೆ ರಾತ್ರಿ ಪಾಳಿಯಲ್ಲಿ ಬಾಡಗಂಡಿ ಕಡೆಯ ಅಜ್ಜ ಒಬ್ಬರು ನನ್ನನ್ನು ಕರೆದು, “ಯವ್ವಾ, ಹೊಲ ನೀರಾಗ ಹೋತು, ಮನ್ಯಾಕಿನೂ ಹೋದ್ಲು. ಇನ್ನ ಯಾಕ ಬದುಕಬೇಕು?” ಎಂದರು.

ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಎಷ್ಟೋ ಜನರ ಎರಿ ಹೊಲ, ಮನೆ, ಗುಡಿ ಮುಳುಗಿದವು. ಪರಿಹಾರದ ಹಣ ಬಂದಿರಬಹುದು. ಆದರೆ ಹರಗುವುದು, ಬಿತ್ತುವುದು, ರಾಶಿ ಮಾಡುವುದು ಹೋದ ಮೇಲೆ ನಸುಕಿನಲ್ಲಿ ಏಳುವ ಕಾರಣವೇ ಅನೇಕರಿಗೆ ಹೋಯಿತು. ಹೀಗೆ ಕೇಳಿದ್ದಕ್ಕೆ ನಾಚಿಕೆ ಬೇಡ. 1943ರಲ್ಲಿ ಬಂದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಕೂಡ ಬದುಕಿಗೆ ಅರ್ಥವೇನೆಂದು ಕೇಳಿಯೇ ಮುಂದೆ ಹೋಗುತ್ತದೆ.

ನನ್ನ ಬಳಿ ಉತ್ತರ ಇರಲಿಲ್ಲ. “ಯಜ್ಜಾ, ಮನ್ಯಾಗ ನಿಮ್ಮ ದಾರಿ ಯಾರ ನೋಡ್ತಾರ?” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಆಕಳ ಐತಿ. ಮಗ ಮೇವು ಹಾಕಾಕ ಹೋದ್ರ ಒದೀತೈತಿ” ಎಂದು ನಕ್ಕರು. ಒಂದು ಆಕಳು ಬದುಕಿನ ಅರ್ಥವಾಗುತ್ತದೆಯೇ? ನನಗೆ ಗೊತ್ತಿಲ್ಲ. ಮರುದಿನ ಮಾತ್ರ ಅಜ್ಜ ಗಂಜಿ ಕುಡಿದು, “ಡಿಸ್ಚಾರ್ಜ್ ಯಾವಾಗ?” ಎಂದು ವಿಚಾರಿಸಿದರು.

ಎಲ್ಲರಿಗೂ ಇಷ್ಟೇ ಸಾಲದು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ ಎಂದಾದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಥೈರಾಯ್ಡ್ ಕೊರತೆಯಿಂದಲೂ ಮನಸ್ಸು ಹೀಗೆ ಕುಗ್ಗುವುದುಂಟು. ಡಾಕ್ಟರಿಗೆ ಹೇಳಿ. ಖಿನ್ನತೆಯ ಗುಳಿಗೆ ಗುಣ ತೋರಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಬಿಡಬೇಡಿ.

ಮನೆಯವರೇ, “ಹಂಗೆಲ್ಲಾ ಅನಬಾರದು” ಎಂದು ಅವರ ಬಾಯಿ ಮುಚ್ಚಿಸಬೇಡಿ. (ನಾವು ನರ್ಸುಗಳೂ ಅವಸರದಲ್ಲಿ ಇದೇ ತಪ್ಪು ಮಾಡುತ್ತೇವೆ.) “ಸಾಯೂ ವಿಚಾರ ಬರ್ತೈತೇನು?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಎಣ್ಣೆಯನ್ನು ಮನೆಯಲ್ಲಿ ಇಡಬೇಡಿ, ಕೂಡಲೇ ನಮಗೆ ತಿಳಿಸಿ. ಊರಿಗೆ ಹೋದ ಮೇಲಾದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇಲ್ಲಿರುವ ತನಕ, ರಾತ್ರಿ ಎರಡು ಗಂಟೆಗೆ ಆ ವಿಚಾರ ಬಂದರೂ ಸಿಸ್ಟರನ್ನು ಕರೆಯಿರಿ. ಸಲೈನ್ ಮುಗಿದಾಗ ಕರೆಯುತ್ತೀರಲ್ಲ, ಹಾಗೆಯೇ.