ಗರ್ಭಸ್ಥ ಹೃದಯದ ಕುರುಹುಗಳು



ಕುರುಹೆಂಬ ಮಾತು ಈ ಸಭೆಗೆ ಹೊಸದಲ್ಲ. ಕುರುಹು ಅರಿವಿಗಾಗಿ ಇರುವುದೆಂದೂ, ಕುರುಹೇ ಅರಿವಲ್ಲವೆಂದೂ ಶರಣಮಾರ್ಗದವರು ಬಾಲ್ಯದಿಂದಲೇ ಕೇಳಿಬಲ್ಲರು. ತಾಯಗರ್ಭದೊಳಗಿನ ಎಳೆಯ ಹೃದಯವನ್ನು ಶೋಧಿಸಹೊರಟ ಶರೀರಶಾಸ್ತ್ರಜ್ಞರಿಗೂ ಈ ವಿವೇಕವೇ ಬೇಕಾಗಿ ಬಂದಿತೆಂಬುದು ಇಂದಿನ ಉಪನ್ಯಾಸದ ವಿಷಯವು.

ಗರ್ಭ ನಿಂತ ಸುಮಾರು 22ನೆಯ ದಿವಸಕ್ಕೆ ಮಾನವಪಿಂಡದ ಹೃದಯವು ಮಿಡಿಯಲಾರಂಭಿಸುವುದು. ಆಗ ಅದೊಂದು ಕೊಳವೆ ಮಾತ್ರ. ಕರ್ಣ ಕುಕ್ಷಿಗಳೆಂಬ ವಿಭಾಗವು ಅದಕ್ಕಿನ್ನೂ ಉಂಟಾಗಿರುವುದಿಲ್ಲ. ನರದ ಒಂದೆಳೆಯೂ ಅದನ್ನು ಮುಟ್ಟಿರುವುದಿಲ್ಲ. ಆದರೂ ಅದು ತಾನಾಗಿ ಮಿಡಿಯುತ್ತದೆ. ಬೆಳೆದ ಹೃದಯದಲ್ಲಿಯಾದರೋ ಮಿಡಿತವನ್ನು ಹುಟ್ಟಿಸುವ ಗಂಟೊಂದು, ಅದನ್ನು ಕ್ಷಣಕಾಲ ತಡೆದು ಕೆಳಕ್ಕೆ ಬಿಡುವ ಗಂಟು ಮತ್ತೊಂದು, ಅಲ್ಲಿಂದ ಇಳಿಯುವ ತಂತುಗಳ ಕಟ್ಟು, ಅದರ ಕವಲುಗಳು, ಹೀಗೆ ಪ್ರತ್ಯೇಕವಾದ ವಾಹಕವ್ಯೂಹವಿದೆ. ಇದರ ತುತ್ತತುದಿಯ ತಂತುಗಳೇ ಮೊದಲು ಕಾಣಿಸಿಕೊಂಡವು. ಪುರ್ಕಿನ್ಯೆ ಎಂಬ ಪಂಡಿತನು 1839ರಲ್ಲಿ ಕುರಿಯ ಹೃದಯದಲ್ಲಿ ಅವುಗಳನ್ನು ಕಂಡನು. 1893ರಲ್ಲಿ ಕಿರಿಯ ವಿಲ್ಹೆಲ್ಮ್ ಹಿಸ್ ಕಟ್ಟನ್ನೂ, 1906ರಲ್ಲಿ ಜಪಾನಿನ ಸುನಾವೊ ತವಾರಾ ನಡುವಣ ಗಂಟನ್ನೂ ವರ್ಣಿಸಿದರು. ಎಲ್ಲಕ್ಕೂ ಮೂಲವಾದ ಸೈನಸ್ ಗಂಟು ಕಡೆಯಲ್ಲಿ ದೊರೆಯಿತು. ಕೀತ್ ಮತ್ತು ಫ್ಲಾಕ್ ಎಂಬವರು 1907ರಲ್ಲಿ ಪ್ರಕಟಿಸಿದ ಈ ಶೋಧಕ್ಕೆ ದಾರಿ ತೋರಿಸಿದುದು, ನೆಲದೊಳಗೆ ಬಿಲ ತೋಡುವ ಮೋಲ್ ಎಂಬ ಕ್ಷುದ್ರಪ್ರಾಣಿಯ ಹೃದಯ! ಯಾರೂ ಕಣ್ಣೆತ್ತಿ ನೋಡದ ಜೀವಿಯಿಂದ ಲೋಕಕ್ಕೆ ಇಂತಹ ಉಪಕಾರವಾಯಿತು.

ಆದರೆ ಈ ವ್ಯೂಹವು ಪಿಂಡದಲ್ಲಿ ಎಲ್ಲಿಂದ ಹುಟ್ಟುವುದು? ಎಳೆಯ ಹೃದಯದಲ್ಲಿ ಒಂದು ಕೋಶವನ್ನು ಇನ್ನೊಂದರಿಂದ ಬರಿಯ ಆಕಾರದಿಂದ ವಿಂಗಡಿಸುವುದು ದುಸ್ತರವು. ಆದಕಾರಣ ಕೋಶದಲ್ಲಿರುವ ಒಂದು ನಿಯತವಾದ ದ್ರವ್ಯಕ್ಕೇ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಕುರುಹಾಗಿ ಬಳಸಿದರು. ಕೋಳಿಯ ನರಗ್ರಂಥಿಯೊಂದರ ಸತ್ವದಿಂದ ಪಡೆದ ಇಂತಹ ಪ್ರತಿಕಾಯವನ್ನು ಮಾನವಪಿಂಡದ ಹೃದಯಕ್ಕೆ ಹಚ್ಚಿದಾಗ, ಎರಡು ಕುಕ್ಷಿಗಳ ನಡುವಣ ರಂಧ್ರವನ್ನು ಸುತ್ತಿದ ಉಂಗುರವೊಂದು ಬಣ್ಣದಿಂದ ಎದ್ದು ಕಂಡಿತು. ಆಮ್‌ಸ್ಟರ್‌ಡಾಮಿನ ವೆಸ್ಸೆಲ್ಸ್, ಮೂರ್ಮನ್ ಮುಂತಾದವರು 1992ರಲ್ಲಿ ಇದನ್ನು ಪ್ರಕಟಿಸಿದರು. ಹೃದಯವು ಮಡಚಿ ಬೆಳೆಯುತ್ತಿದ್ದಂತೆ ಉಂಗುರದ ಆಕಾರವು ಮಾರ್ಪಡುತ್ತದೆ. ನಡುಗೋಡೆಯ ನೆತ್ತಿಯ ಮೇಲಿನ ಭಾಗವೇ ಮುಂದೆ ಹಿಸ್‌ನ ಕಟ್ಟಾಗುವುದು.

ಇಲ್ಲಿಯೇ ಸಂಶಯವೂ ಹುಟ್ಟಿತು. ಎಚ್‌ಎನ್‌ಕೆ-1 ಎಂದು ಕರೆಯಲ್ಪಡುವ ಇದೇ ಜಾತಿಯ ಕುರುಹು, ಪಿಂಡದಲ್ಲಿ ಸಂಚರಿಸುತ್ತ ನರಗಳನ್ನು ನಿರ್ಮಿಸುವ ಕೋಶಗಳ ಮೇಲೆಯೂ ಇದೆ. ಮೊಲದ ವಾಹಕಕೋಶಗಳಲ್ಲಿ ನರಗಳಿಗೆ ಸಲ್ಲುವ ತಂತುದ್ರವ್ಯವೂ ಸಿಕ್ಕಿತ್ತು. ಹಾಗಾದರೆ ವಾಹಕವ್ಯೂಹವು ನರಕುಲದ್ದೇ ಇರಬೇಕೆಂದು ಕೆಲವರು ಊಹಿಸಿದರು. ಹಣೆಯ ವಿಭೂತಿಯನ್ನು ನೋಡಿ ಹೆತ್ತವರ ಕುಲವನ್ನು ಹೇಳಹೊರಟಂತಾಯಿತು! ಕುರುಹು ಈಗಿನ ಸ್ಥಿತಿಯನ್ನು ತಿಳಿಸುವುದಲ್ಲದೆ ಹುಟ್ಟನ್ನು ತಿಳಿಸಲಾರದು.

ಹುಟ್ಟನ್ನು ತಿಳಿಯಲು ಸಂತಾನವನ್ನೇ ಹಿಂಬಾಲಿಸಬೇಕು. 1995ರಲ್ಲಿ ಗೂರ್ಡಿ, ಮಿಕಾವಾ ಮತ್ತು ಅವರ ಸಂಗಡಿಗರು ಕೋಳಿಯ ಪಿಂಡದ ಹೃದಯಕೋಶಗಳಲ್ಲಿ, ಮುಂದೆ ನೀಲಿಬಣ್ಣ ತೋರುವ ಜೀನ್ ಒಂದನ್ನು ವೈರಸ್ಸಿನ ಮೂಲಕ ಸೇರಿಸಿದರು. ಆ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ನೀಲಿಯಾದರು. ಒಂದೇ ವಂಶದಲ್ಲಿ ಸಾಮಾನ್ಯ ಮಾಂಸಕೋಶಗಳೂ ಪುರ್ಕಿನ್ಯೆ ತಂತುಗಳೂ ಬೆರೆತಿದ್ದವು. ಅವು ಹೃದಯದ ಮಾಂಸದ ಮಕ್ಕಳೇ. ನರದ ಕುರುಹನ್ನು ಧರಿಸಿದ್ದವು, ಅಷ್ಟೇ.

ತರುವಾಯ ಕೋಶದೊಳಗಿನ ಆಜ್ಞೆಗಳೂ ತಿಳಿದುಬಂದವು. ಟಿಬಿಎಕ್ಸ್-3 ಎಂಬ ಜೀನ್ ಗಂಟುಗಳಲ್ಲಿಯೂ ಕಟ್ಟಿನಲ್ಲಿಯೂ ಎಚ್ಚತ್ತಿರುತ್ತದೆ. ಅದರ ಕೆಲಸವು ಬಹುಮಟ್ಟಿಗೆ ತಡೆಯುವುದೇ. ಸುತ್ತಲಿನ ಕೋಶಗಳು ಬಲಿತು ದುಡಿಯುವ ಮಾಂಸವಾಗುತ್ತಿರಲು, ಗಂಟಿನ ಕೋಶಗಳನ್ನು ಹಾಗಾಗಗೊಡದೆ ಇದು ಕಾಯುವುದು. ಎಚ್‌ಸಿಎನ್-4 ಎಂಬ ವಿದ್ಯುದ್ದ್ವಾರವು ಮೊದಲು ಎಳೆಯ ಹೃದಯದಲ್ಲಿ ವಿಸ್ತಾರವಾಗಿದ್ದು, ಬರಬರುತ್ತ ಮುಖ್ಯವಾಗಿ ವಾಹಕವ್ಯೂಹದಲ್ಲಿ ಉಳಿಯುತ್ತದೆ. ಹಾಗೆ ನೋಡಿದರೆ, ತಾನಾಗಿ ಮಿಡಿಯುವ ಶೈಶವಗುಣವನ್ನು ಬಿಡದ ಕೋಶಗಳೇ ಬೆಳೆದ ಹೃದಯವನ್ನು ನಡೆಯಿಸುತ್ತವೆ.

ಇದು ಬರಿಯ ಪಂಡಿತರ ಚರ್ಚೆಯೆಂದು ತಾಯಂದಿರು ಭಾವಿಸಬಾರದು. ಕೆಲವು ತಾಯಂದಿರ ರಕ್ತದಲ್ಲಿ ರೋ ಎಂಬ ದ್ರವ್ಯಕ್ಕೆ ವಿರುದ್ಧವಾದ ಪ್ರತಿಕಾಯಗಳಿರುತ್ತವೆ. ಅವರಿಗೆ ಯಾವ ರೋಗಲಕ್ಷಣವೂ ಇಲ್ಲದಿರಬಹುದು. ಇವು ಮಾಸಿನ ಮೂಲಕ ಶಿಶುವನ್ನು ಸೇರಿ, ಅಂತಹ 100 ಗರ್ಭಗಳಲ್ಲಿ ಸುಮಾರು 2ರಲ್ಲಿ ನಡುವಣ ಗಂಟನ್ನು ಕೆಡಿಸುತ್ತವೆ. ಬಹುತೇಕ ಇದು ಕಂಡುಬರುವುದು 18ರಿಂದ 24ನೆಯ ವಾರದೊಳಗೆ. ಕರ್ಣಗಳು ತಮ್ಮ ಗತಿಯಲ್ಲಿ, ಕುಕ್ಷಿಗಳು ತಮ್ಮ ಮಂದಗತಿಯಲ್ಲಿ ಮಿಡಿಯತೊಡಗುತ್ತವೆ. ಸಂಬಂಧವು ಪೂರ್ಣವಾಗಿ ಕಡಿದ ಮೇಲೆ ಮರಳಿ ಕೂಡುವುದಿಲ್ಲ. ಹುಟ್ಟಿದ ಕೂಸುಗಳಲ್ಲಿ ಅನೇಕಕ್ಕೆ ಪೇಸ್‌ಮೇಕರ್ ಯಂತ್ರವೇ ಗತಿ. ಮೊದಲ ಮಗುವಿಗೆ ಹೀಗಾದ ತಾಯಿಯು ಮುಂದಿನ ಗರ್ಭದಲ್ಲಿ ಮೊದಲಿನಿಂದಲೇ ವೈದ್ಯರಿಗೆ ಅದನ್ನು ತಿಳಿಸಿದರೆ, ಆ ವಾರಗಳಲ್ಲಿ ಶಿಶುವಿನ ಹೃದಯವನ್ನು ಧ್ವನಿತರಂಗಗಳಿಂದ ಮೇಲಿಂದ ಮೇಲೆ ಪರೀಕ್ಷಿಸುತ್ತಾರೆ.