ಆಟಿಸಂ ಉಳ್ಳ ವಯಸ್ಕರೂ ನಾವೂ



ಆಟಿಸಂ ಅಥವಾ ಸ್ವಲೀನತೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಚಿಕ್ಕ ಮಗುವಿನ ಚಿತ್ರ. ಆದರೆ ಆ ಮಗುವೂ ಬೆಳೆಯುತ್ತದೆ, ಒಂದು ದಿನ ಅದರ ತಲೆಯೂ ನರೆಯುತ್ತದೆ. 1943ರಲ್ಲಿ ವೈದ್ಯ ಲಿಯೋ ಕ್ಯಾನರರು ಹನ್ನೊಂದು ಮಕ್ಕಳಲ್ಲಿ ಈ ಸ್ಥಿತಿಯನ್ನು ಗುರುತಿಸಿ ಬರೆದರು. ಅವರಲ್ಲಿ ಮೊದಲನೆಯವರಾದ ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್, ತಮ್ಮ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ತಾವೇ ಕಾರು ನಡೆಸಿ, ದೇಶ ವಿದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬ್ಯಾಂಕು ಅವರ ಕುಟುಂಬದ್ದಾಗಿತ್ತು, ನಿಜ. ಆದರೆ ಊರಿನವರೂ ಅವರನ್ನು ಅವರಿದ್ದಂತೆಯೇ ಒಪ್ಪಿಕೊಂಡಿದ್ದರು.

ನಮ್ಮ ಶಹಾಪುರವನ್ನೇ ನೋಡಿರಿ. ಮಗ್ಗದ ಸದ್ದು ನಮಗೆ ಕೇಳಿಸಿದರೂ ಕೇಳಿಸದಂತಾಗಿದೆ. ಆಟಿಸಂ ಉಳ್ಳ ಹಲವರಿಗೆ ಅದೇ ಸದ್ದು, ಪೇಟೆಯ ನೂಕುನುಗ್ಗಲು, ಹಬ್ಬದ ಪಟಾಕಿ, ಧ್ವನಿವರ್ಧಕ ಸಹಿಸಲಾರದ ಯಾತನೆಯಾಗುತ್ತವೆ. ಅವರು ಕಿವಿ ಮುಚ್ಚಿಕೊಂಡು ಓಡಿದರೆ ಅದು ಹಟವೂ ಅಲ್ಲ, ಹುಚ್ಚೂ ಅಲ್ಲ. ಗದರದೆ, ಸುತ್ತ ಗುಂಪುಗೂಡದೆ, ಶಾಂತವಾದ ಮೂಲೆಯೊಂದಕ್ಕೆ ದಾರಿ ಬಿಡಬೇಕು. ಕೆಲವರಿಗೆ ಯಾರಾದರೂ ಮುಟ್ಟಿದರೆ ಆಗದು. ಪೂಜೆಯಲ್ಲಿ ಶಾಂತಿಗಾಗಿ ಕೈಮುಗಿಯುವ ನಮ್ಮ ರೂಢಿ ಅವರಿಗೆ ಅನುಕೂಲವೇ ಆಗಿದೆ. ಕಣ್ಣಿಗೆ ಕಣ್ಣು ಕೂಡಿಸಿ ಮಾತನಾಡದಿದ್ದರೆ ಅಗೌರವವೆಂದು ಎಣಿಸಬಾರದು. ‘ಆಮೇಲೆ ನೋಡೋಣ’ ಎನ್ನುವುದಕ್ಕಿಂತ ‘ಐದು ಗಂಟೆಗೆ ಬರುತ್ತೇವೆ’ ಎನ್ನುವುದು ಲೇಸು. ಬರಲಾಗದಿದ್ದರೆ ಮೊದಲೇ ತಿಳಿಸಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಬೇಕು. ಮೂವತ್ತು ದಾಟಿದವರ ಎದುರಿನಲ್ಲಿಯೇ ಅವರ ತಾಯಿಯನ್ನು ‘ಇವನ ಊಟ ಆಯಿತೆ?’ ಎಂದು ಕೇಳುವುದು ಸಲ್ಲದು. ಈ ತಪ್ಪನ್ನು ನಾವೂ ಮಾಡಿದ್ದೇವೆ.

ಹೆತ್ತವರನ್ನು ಹಗಲಿರುಳು ಕಾಡುವ ಚಿಂತೆ ಇದಕ್ಕಿಂತ ದೊಡ್ಡದು: ನಾವು ಕಣ್ಮುಚ್ಚಿದ ಮೇಲೆ ಇವರಿಗೆ ಯಾರು? 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ, ಹದಿನೆಂಟು ದಾಟಿದವರಿಗೂ ಅಗತ್ಯವಿದ್ದಲ್ಲಿ ಜಿಲ್ಲಾ ಮಟ್ಟದ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ತಮ್ಮ ನಿರ್ಧಾರವನ್ನು ತಾವೇ ಮಾಡಬಲ್ಲವರಿಗೆ ಇದು ಬೇಕಿಲ್ಲ. ಅದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಒದಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಆಟಿಸಂ ಅನ್ನು ಹೆಸರಿಸಿದೆ.

ಆದರೆ ಇವೆಲ್ಲಕ್ಕೂ ಪ್ರಮಾಣಪತ್ರ ಬೇಕು, ಅರ್ಜಿ ಬೇಕು, ಕಚೇರಿಗೆ ಅಲೆದಾಟ ಬೇಕು. ವಯಸ್ಸಾದ ತಂದೆತಾಯಿಗಳಿಗೆ ಅಲ್ಲಿಗೆ ಹೋಗಲು ಜೊತೆಯೊಬ್ಬರು ಬೇಕು. ಅವರು ಹಿಂದಿರುಗುವವರೆಗೆ ಮಗನ ಬಳಿಯೋ ಮಗಳ ಬಳಿಯೋ ಸುಮ್ಮನೆ ಕುಳಿತಿರಲು ಮತ್ತೊಬ್ಬರು ಬೇಕು. ಆ ಮನೆಗಳು ಯಾವ ಓಣಿಯಲ್ಲಿವೆ ಎಂಬುದು ನಮಗೆಲ್ಲರಿಗೂ ತಿಳಿದೇ ಇದೆ.