ನಮ್ಮವರು ಗದ್ದುಗೆ ಏರಿದ ಮೇಲೆ



ನಾಗರಿಕ ಹಕ್ಕುಗಳ ಸಂಘಟನೆಯನ್ನು ಅದು ಎದುರಿಸಿದ ಸರ್ಕಾರದ ಕ್ರೌರ್ಯದಿಂದ ಅಳೆಯುವುದು ರೂಢಿ. ನನ್ನ ಅಳತೆಗೋಲು ಬೇರೆ: ತನಗೆ ಬೇಕಾದವರೇ ಆಳತೊಡಗಿದ ಮೇಲೆ ಅದು ಏನು ಮಾಡಿತು? 1936ರಲ್ಲಿ ನೆಹರೂ ಅವರ ಮುತುವರ್ಜಿಯಿಂದ, ರವೀಂದ್ರನಾಥ ಠಾಕೂರರ ಅಧ್ಯಕ್ಷತೆಯಲ್ಲಿ ಹುಟ್ಟಿದ ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್, ಕಾಂಗ್ರೆಸ್ಸಿಗರ ಕೈಗೆ ಅಧಿಕಾರ ಬಂದಂತೆ ಕಳೆಗುಂದಿತು. ನಾಲ್ಕು ದಶಕಗಳ ನಂತರ ತುರ್ತುಪರಿಸ್ಥಿತಿ ಬಂತು. ಬೆಂಗಳೂರಿನ ಜೈಲಿನಲ್ಲಿದ್ದ ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧನವನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಗಳು ವಿಚಾರಣೆಗೆ ಅರ್ಹ ಎಂದಿತ್ತು ಕರ್ನಾಟಕ ಹೈಕೋರ್ಟ್. ಅದನ್ನೂ ಇತರ ಹೈಕೋರ್ಟುಗಳ ಅಂಥವೇ ತೀರ್ಪುಗಳನ್ನೂ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಕೋರ್ಟಿನ ಬಾಗಿಲೂ ಮುಚ್ಚಿದ ಆ ವರ್ಷವೇ ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ, ವಿ.ಎಂ. ತಾರ್ಕುಂಡೆ ಅವರ ಅಧ್ಯಕ್ಷತೆಯಲ್ಲಿ, ನಾವಿಂದು ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಎಂದು ಕರೆಯುವ ಸಂಘಟನೆಯ ಮೊದಲ ರೂಪ ಸಿದ್ಧವಾಯಿತು. ಮರುವರ್ಷ ಜನತಾ ಪಕ್ಷ ಗೆದ್ದಿತು, ಸಂಘಟನೆ ನಿದ್ದೆಗೆ ಜಾರಿತು. ಅಪ್ಪನಿಗೆ ಬಂದಿದ್ದ ಕಾಯಿಲೆಯೇ ಮಗನಿಗೂ.

1980ರಲ್ಲಿ ಇಂದಿರಾ ಗಾಂಧಿ ಮರಳಿದ ವರ್ಷದ ಕೊನೆಗೆ ಅದು ಮತ್ತೆ ಎದ್ದು ಕೂತಿತು. ಈ ಸಲ ಸ್ವಂತ ನಿಯಮಾವಳಿ ಇತ್ತು, ಸದಸ್ಯತ್ವವಿತ್ತು; ಸಂಸ್ಥೆಗಳ ಹಣ, ವಿದೇಶದ ಹಣ ಬೇಡವೆಂಬ ಹಟವೂ ಇತ್ತು. ಬಡತನ ತರುವ ಹಟವೇ ಸರಿ, ಆದರೆ ಯಾರ ಮುಲಾಜಿಗೂ ಬೀಳದಿರಲು ಅದೇ ದಾರಿ. 1984ರ ನವೆಂಬರಿನಲ್ಲಿ ದೆಹಲಿಯ ಸಿಖ್ಖರ ಹತ್ಯಾಕಾಂಡವನ್ನು ಇಂದಿರಾ ಹತ್ಯೆಯಿಂದ ಜನರ ದುಃಖ ಕಟ್ಟೆಯೊಡೆದದ್ದು ಎಂದು ಹೇಳಲಾಗುತ್ತಿದ್ದಾಗ, ಪಿಯುಡಿಆರ್ (ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್) ಜೊತೆ ಸೇರಿ ತಂದ ಕಿರುವರದಿ ಅದು ಸಂಘಟಿತ ಕೃತ್ಯವೆಂದಿತು. ಬದುಕುಳಿದವರು ಹೇಳಿದ ಹೆಸರುಗಳನ್ನು ಅಚ್ಚುಹಾಕಿತು. 2001ರಲ್ಲಿ ರಾಜಸ್ಥಾನದಲ್ಲಿ ಬರ, ಹಸಿವು. ಸರ್ಕಾರಿ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿತ್ತು. ಆಗ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಗುರಿ ದೆಹಲಿಯ ಬಿಜೆಪಿ ನೇತೃತ್ವದ ಸರ್ಕಾರ ಮಾತ್ರವಲ್ಲ, ಜೈಪುರದ ಕಾಂಗ್ರೆಸ್ ಸರ್ಕಾರವೂ ಹೌದು. ಆ ನವೆಂಬರಿನಲ್ಲಿ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂಬ ಆದೇಶ ಬಂತು. ಮರುವರ್ಷ ನಮ್ಮಲ್ಲಿ ಅಕ್ಷರ ದಾಸೋಹ ಆರಂಭವಾದದ್ದು ಈ ಹಿನ್ನೆಲೆಯಲ್ಲೇ. ಟೆಲಿಫೋನ್ ಕದ್ದಾಲಿಕೆ ಕುರಿತ 1996ರ ತೀರ್ಪು, 2013ರ ನೋಟಾ ತೀರ್ಪು ಕೂಡ ಇದೇ ಸಂಘಟನೆಯ ಅರ್ಜಿಗಳ ಫಲ. (ನೋಟಾ ಗುಂಡಿ ಒತ್ತುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ!)

ಉಗ್ರರ ಗುಂಡಿಗೆ ಸತ್ತ ಪೊಲೀಸನಿಗೆ ಹಕ್ಕಿಲ್ಲವೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ, ಏಳಬೇಕಾದದ್ದೇ. ಆ ಕೊಲೆಗೆ ಎಫ್‌ಐಆರ್ ಆಗುತ್ತದೆ, ಇಡೀ ಸರ್ಕಾರ ಬೆನ್ನಿಗೆ ನಿಲ್ಲುತ್ತದೆ. ಎನ್‌ಕೌಂಟರಿನಲ್ಲಿ ಸತ್ತವನ ಪರವಾಗಿ ದೂರು ಬರೆದುಕೊಳ್ಳುವವರು ಯಾರು? ಪಿಯುಸಿಎಲ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಮತ್ತು ಸ್ವತಂತ್ರ ತನಿಖೆಯನ್ನು ಕಡ್ಡಾಯಗೊಳಿಸಿದ್ದು ಅದಕ್ಕಾಗಿಯೇ. ಆದರೂ ಈ ಉತ್ತರ ಪೂರ್ತಿಯಲ್ಲ. ಆಂಧ್ರದಲ್ಲಿ ಹಕ್ಕುಗಳ ಹೋರಾಟಗಾರ ಕೆ. ಬಾಲಗೋಪಾಲ್, ಬಂದೂಕು ಹಿಡಿದ ಚಳವಳಿಗಳ ಹಿಂಸೆಯನ್ನೂ ಪ್ರಶ್ನಿಸಬೇಕೆಂದು ವಾದಿಸಿ, ತಾವೇ ಬೆಳೆಸಿದ್ದ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆಯಿಂದ ಹೊರಬಂದು 1998ರಲ್ಲಿ ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. ಅವರೇ ಸರಿ ಎಂದು ನನ್ನ ಅಭಿಪ್ರಾಯ. ನಮ್ಮವರು ಎನ್ನಿಸಿಕೊಂಡವರ ತಪ್ಪಿಗೆ ಕಣ್ಣು ಮುಚ್ಚಿದರೆ 1977ರ ನಿದ್ದೆಯೇ ಇನ್ನೊಂದು ಮಗ್ಗುಲಿಗೆ ಹೊರಳಿದಂತೆ.

ಇದೆಲ್ಲ ಇಂಗ್ಲಿಷ್ ಬಲ್ಲವರ ಕೋರ್ಟು ವ್ಯವಹಾರ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆನ್‌ಲೈನ್ ಮಾತಿಗೆ ಕೇಸು ಹಾಕಲು ಬಳಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2015ರ ಮಾರ್ಚಿನಲ್ಲಿ ರದ್ದಾಯಿತು. ಪಿಯುಸಿಎಲ್ ಕೂಡ ಅರ್ಜಿದಾರರಲ್ಲೊಂದು. ಆದರೆ ಠಾಣೆಗಳಲ್ಲಿ ಆ ಸತ್ತ ಕಲಮಿನಡಿ ಕೇಸು ಹಾಕುವುದು ನಿಲ್ಲಲಿಲ್ಲ. ಸಂಘಟನೆ ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು; ಆ ಕಲಮಿನಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂಬ ಆದೇಶ ಬಂದದ್ದು 2022ರ ಅಕ್ಟೋಬರಿನಲ್ಲಿ. ಸುಪ್ರೀಂ ಕೋರ್ಟಿನ ತೀರ್ಪು ತಾಲ್ಲೂಕು ಠಾಣೆ ತಲುಪಲು ಏಳು ವರ್ಷ ಏಕೆ ಬೇಕಾಯಿತು, ಆ ಏಳು ವರ್ಷ ಅಲ್ಲಿ ಕಾವಲು ಕೂರುವವರು ಯಾರಿದ್ದರು? ಮೊದಲ ಗೋಷ್ಠಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳಲೆಂದು ಕೋರುತ್ತೇನೆ.